ಹಳೆ ಎಲೆಯ ಹಳದಿ

ಗಿಡವೊಂದು ಬದುಕಲು ಬೇಕಾದ ಹದಿನಾರು ಧಾತುಗಳ ಹೆಸರನ್ನು ನಾನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಆಗ ಪಠ್ಯಪುಸ್ತಕದಲ್ಲಿ ಹದಿನಾರೇ ಇದ್ದವು, ಹದಿನೇಳನೆಯದನ್ನು ಆಮೇಲೆ ಸೇರಿಸಿದರು. ತೊಂಬತ್ತರ ದಶಕದಲ್ಲಿ ಮೂಡಿಗೆರೆಯ ಒಂದು ಪಿಯು ಕಾಲೇಜಿಗೆ ಸಸ್ಯಶಾಸ್ತ್ರದ ಪಾಠ ಮಾಡಲು ಸೇರಿದಾಗ ಆ ಒಂದು ಅಧ್ಯಾಯವೇ ನನ್ನ ಬಂಡವಾಳ. ಸಾರಜನಕ ಕಡಿಮೆಯಾದರೆ ಏನು, ರಂಜಕ ಕಡಿಮೆಯಾದರೆ ಏನು, ಸತು ಇಲ್ಲದಿದ್ದರೆ ಎಲೆ ಹೇಗೆ ಸಣ್ಣಗಾಗುತ್ತದೆ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಎಲೆ ಬಿಡಿಸುತ್ತಿದ್ದೆ. ಪಾಠ ಮುಗಿದ ಮೇಲೂ ಯಾರಾದರೂ ನೋಡಲಿ ಎಂದು ಬೋರ್ಡ್ ಒರೆಸದೆ ಬರುತ್ತಿದ್ದೆ.

ನಿಜವಾದ ಗಿಡಗಳ ಜೊತೆ ನನ್ನ ಒಡನಾಟ ಅಷ್ಟಕ್ಕಷ್ಟೆ. ನಾನು ಚಿಕ್ಕಮಗಳೂರು ಪೇಟೆಯಲ್ಲಿ ಬೆಳೆದವಳು. ಮನೆಯಲ್ಲಿ ಇದ್ದದ್ದು ಒಂದು ತುಳಸಿ ಗಿಡ, ಅದಕ್ಕೆ ನೀರು ಹಾಕುತ್ತಿದ್ದದ್ದೂ ಅಮ್ಮ. ಮದುವೆಯಾಗಿ ಜಾವಳಿಯ ಹತ್ತಿರದ ಮನೆಗೆ ಬಂದಾಗ ಸುತ್ತ ಎಂಟು ಎಕರೆ ಕಾಫಿ ತೋಟವಿತ್ತು. ಭಾವನವರು ಮೊದಲೇ ತೀರಿಕೊಂಡಿದ್ದರು. ತೋಟ ನೋಡಿಕೊಳ್ಳುತ್ತಿದ್ದವರು ಅವರ ಹೆಂಡತಿ, ಅಂದರೆ ನನ್ನ ಓರಗಿತ್ತಿ. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ನನ್ನ ಗಂಡನಿಗೆ ಮೂಡಿಗೆರೆಯಲ್ಲಿ ಬ್ಯಾಂಕಿನ ಕೆಲಸ. ಬೆಳಗ್ಗೆ ನಾವಿಬ್ಬರೂ ಒಂದೇ ಬಸ್ಸಿಗೆ ಹೋಗಿ ಸಂಜೆ ಒಂದೇ ಬಸ್ಸಿಗೆ ಬರುತ್ತಿದ್ದೆವು. ತೋಟದೊಳಗೆ ನಾನು ಕಾಲಿಡುತ್ತಿರಲಿಲ್ಲ. ಕಾರಣ ಹೇಳಲು ನಾಚಿಕೆ: ನನಗೆ ಇಂಬಳದ ಭಯ. ಒಮ್ಮೆ ಕಾಲ್ಬೆರಳ ಸಂದಿಯಲ್ಲಿ ರಕ್ತ ಹೀರಿ ಉಬ್ಬಿದ ಇಂಬಳ ಕಂಡು ನಾನು ಕಿರುಚಿದ್ದಕ್ಕೆ ಕೊಟ್ಟಿಗೆಯ ದನ ಹಗ್ಗ ಹರಿದುಕೊಂಡಿತ್ತು.

ಅಕ್ಕ ಏಳನೇ ಕ್ಲಾಸಿನವರೆಗೆ ಓದಿದವರು. ಓದಿದವರ ಮೇಲೆ ಅವರಿಗೆ ಅಪಾರ ನಂಬಿಕೆ. ಮನೆಗೆ ಯಾರೇ ಬಂದರೂ "ಇವಳು ಕಾಲೇಜಲ್ಲಿ ಗಿಡದ ಪಾಠನೇ ಮಾಡೋದು" ಎಂದು ಹೇಳಿಯೇ ಕಾಫಿ ಕೊಡುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ತಡೆದದ್ದು ಮಾತ್ರ ಇಲ್ಲ.

ಒಂದು ಏಪ್ರಿಲ್‌ನಲ್ಲಿ ಅಕ್ಕ ನಾಲ್ಕೈದು ಕಾಫಿ ಎಲೆಗಳನ್ನು ಸೆರಗಿನಲ್ಲಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿದರು. ಎಲೆಗಳ ಅಂಚು ಬೆಂಕಿ ತಾಗಿದ ಹಾಗೆ ಕಂದಾಗಿತ್ತು.

"ಮನೆ ಹಿಂದಿನ ತುಂಡಲ್ಲಿ ಹಿಂಗೆ ಆಗಿದೆ. ಹೋದ ಸಲ ಮರಗಸಿ ಸ್ವಲ್ಪ ಜಾಸ್ತಿ ಆಯ್ತು, ನೆರಳಿನ ಮರದ ಕೊಂಬೆ ಎಲ್ಲ ಸವರಿಬಿಟ್ರು. ಬಿಸಿಲಿಗೆ ಇರಬಹುದಾ?" ಎಂದರು.

ನನ್ನ ಕಣ್ಣೆದುರು ಪಠ್ಯಪುಸ್ತಕದ ಚಿತ್ರ ಎದ್ದು ಬಂತು. ಅಂಚು ಸುಟ್ಟ ಎಲೆ, ಕೆಳಗೆ ದಪ್ಪಕ್ಷರದಲ್ಲಿ ಪೊಟ್ಯಾಸಿಯಮ್. ಐದು ವರ್ಷದಿಂದ ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಎಲೆ ಮೊದಲ ಸಲ ನನ್ನ ಕೈಯಲ್ಲಿತ್ತು. ಪರಿಚಯದವರು ದಾರಿಯಲ್ಲಿ ಸಿಕ್ಕಷ್ಟು ಸಂತೋಷವಾಯಿತು.

"ಬಿಸಿಲಲ್ಲ ಅಕ್ಕ, ಇದು ಪೊಟ್ಯಾಷ್ ಕೊರತೆ" ಎಂದೆ. ಎಲೆಯ ಬಾಯಿ, ಅಂದರೆ ಪತ್ರರಂಧ್ರ, ತೆರೆಯಲು, ಮುಚ್ಚಲು, ಕಾಯಿ ತುಂಬಲು, ರೋಗ ತಡೆಯಲು ಪೊಟ್ಯಾಷ್ ಹೇಗೆ ಬೇಕು ಎಂದು ಸಾರು ಕುದಿಯುವಷ್ಟು ಹೊತ್ತು ವಿವರಿಸಿದೆ. ಮಳೆಗೆ ಮುಂಚೆ ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ, ಯಾವಾಗಲೂ ಹಾಕುವುದಕ್ಕಿಂತ ಒಂದೂವರೆ ಪಟ್ಟು ಹಾಕಿಸಿ ಎಂದೆ. ಆ ಒಂದೂವರೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದ್ದರೆ ನಾನು ಸಾರಿನ ಕಡೆ ತಿರುಗಬೇಕಾಗುತ್ತಿತ್ತು. ಅಕ್ಕ ಕೇಳಲಿಲ್ಲ. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡರು.

ಮುಂದಿನ ಬೇಸಿಗೆಗೆ ಎಲೆಗಳ ಅಂಚು ಸುಡಲಿಲ್ಲ. ಆ ಹೊತ್ತಿಗೆ ನೆರಳಿನ ಮರಗಳು ಮತ್ತೆ ಚಿಗುರಿ ಛತ್ರಿಯಂತೆ ಹರಡಿಕೊಂಡಿದ್ದವು ಎನ್ನುವುದನ್ನು ನಾನು ಗಮನಿಸಲಿಲ್ಲ. ಗಮನಿಸಲು ತೋಟಕ್ಕೆ ಹೋಗಬೇಕಿತ್ತು. ಅಕ್ಕ ತೋಟದ ಆಳುಗಳ ಮೇಸ್ತ್ರಿಯ ಹತ್ತಿರ, ಪಕ್ಕದ ತೋಟದವರ ಹತ್ತಿರ, ಮದುವೆಮನೆಯಲ್ಲಿ ಸಿಕ್ಕ ನೆಂಟರ ಹತ್ತಿರ "ನಮ್ಮ ಟೀಚ್ರು ಎಲೆ ನೋಡೇ ಹೇಳಿಬಿಟ್ಲು" ಎಂದರು. ಕೊಟ್ಟಿಗೆಹಾರದಿಂದ ಒಬ್ಬರು ಪೇಪರಿನಲ್ಲಿ ಸುತ್ತಿದ ಏಲಕ್ಕಿ ಎಲೆ ಕಳಿಸಿದರು. ಅದಕ್ಕೂ ನಾನು ಏನೋ ಹೇಳಿ ಕಳಿಸಿದೆ. ಏನು ಹೇಳಿದೆ ಎಂದು ಈಗ ನೆನಪಿಲ್ಲ. ಅವರು ಮತ್ತೆ ಎಲೆ ಕಳಿಸಲಿಲ್ಲ ಎನ್ನುವುದಷ್ಟೇ ನೆನಪು.

ಒಂದೂವರೆ ಪಟ್ಟು ಮುಂದುವರಿಯಿತು. ನಿಲ್ಲಿಸಿ ಎಂದು ನಾನು ಹೇಳಿರಲಿಲ್ಲ, ಹೇಳದೆ ಅಕ್ಕ ನಿಲ್ಲಿಸುವವರಲ್ಲ.

ಮೂರನೆಯ ವರ್ಷ ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅಕ್ಕ ಮತ್ತೆ ಎಲೆ ತಂದರು. ಈ ಸಲ ಅಂಚಿಗೆ ಏನೂ ಆಗಿರಲಿಲ್ಲ. ನರಗಳು ಹಸಿರಾಗಿಯೇ ಇದ್ದವು, ನರಗಳ ನಡುವಿನ ಜಾಗ ಮಾತ್ರ ಹಳದಿಯಾಗಿತ್ತು. ಹಸಿರು ದಾರದಲ್ಲಿ ಹೆಣೆದ ಬಲೆಯ ಹಾಗಿತ್ತು.

"ಇದಕ್ಕೆ ಎಂತ ಆಗಿದೆ ನೋಡು ಮಾರಾಯ್ತಿ. ಕಾಯಿ ಜಾಸ್ತಿ ಇರೋ ಗಿಡಕ್ಕೇ ಹೆಚ್ಚು ಆಗಿದೆ" ಎಂದರು.

ಆ ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಸಿರು ನರ, ಹಳದಿ ನಡು ಎಂದ ಕೂಡಲೇ ನನ್ನ ಬಾಯಿಂದ ಬಂದ ಉತ್ತರ ಕಬ್ಬಿಣ. "ಕಬ್ಬಿಣ ಇಲ್ಲದಿದ್ದರೆ ಎಲೆಯಲ್ಲಿ ಹಸಿರು ತಯಾರಾಗಲ್ಲ ಅಕ್ಕ. ಅನ್ನಭೇದಿ ತಂದು ನೀರಲ್ಲಿ ಕರಗಿಸಿ ಹೊಡೆಸಿ."

ಅನ್ನಭೇದಿ ಎಂದರೆ ಕಬ್ಬಿಣದ ಉಪ್ಪು, ತಿಳಿ ಹಸಿರು ಹರಳು. ಅಕ್ಕ ಮರುದಿನವೇ ಮೂಡಿಗೆರೆಯಿಂದ ತರಿಸಿದರು. ಅದನ್ನು ಕರಗಿಸಿದ್ದು ಬೋರ್ಡೋ ದ್ರಾವಣ ಮಾಡುವ ಹಳೆಯ ಡ್ರಮ್ಮಿನಲ್ಲಿ. ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ, ಡ್ರಮ್ಮಿನ ತಳದಲ್ಲಿ ಸುಣ್ಣ ಗಟ್ಟಿಯಾಗಿ ಕೂತಿತ್ತು. ಸುಣ್ಣ ತಾಗಿದರೆ ಅನ್ನಭೇದಿ ಕೆಸರಾಗುತ್ತದೆ ಎಂದು ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ಡ್ರಮ್ಮಿನ ವಿಷಯ ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ಆ ಡ್ರಮ್ಮನ್ನು ನೋಡಿಯೇ ಇರಲಿಲ್ಲ. ಸಂಜೆ ಬಸ್ಸಿಳಿದು ಬಂದಾಗ ಅಂಗಳದಲ್ಲಿ ಮೇಸ್ತ್ರಿ ಸ್ಪ್ರೇಯರಿನ ಮೂತಿ ಬಿಚ್ಚಿ ಪಿನ್ನಿನಿಂದ ಚುಚ್ಚುತ್ತ ಕೂತಿದ್ದರು. ಅವರ ಕೈ, ಅಂಗಿ, ಹುಬ್ಬು ಎಲ್ಲ ತುಕ್ಕಿನ ಬಣ್ಣ.

"ಹತ್ತು ಗಿಡಕ್ಕೊಂದ್ಸಲ ಕಟ್ಕೊಳ್ತದೆ ಅಮ್ಮ, ಇದು ಔಷಧಿನಾ ಕೆಸ್ರಾ?" ಎಂದು ಕೇಳಿದರು.

"ಸೋಸಿ ಹೊಡೀರಿ" ಎಂದು ಹೇಳಿ ನಾನು ಒಳಗೆ ಹೋದೆ.

ವಾರದಲ್ಲಿ ಹಳದಿ ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿದ್ದವು. ಕೆಲವು ಉದುರಿದವು. ಅಕ್ಕ ಬಂದು ನನ್ನೆದುರು ನಿಂತ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೋಂವರ್ಕ್ ಮಾಡದೆ ಬಂದ ಹುಡುಗಿಯರು ಹಾಗೆ ನಿಲ್ಲುತ್ತಾರೆ.

"ನೀನು ಹೇಳಿದ್ದು ಸರಿಯೇ ಇರತ್ತೆ. ನಾನೇ ಡ್ರಮ್ಮು ಸರಿ ತೊಳೆಸ್ಲಿಲ್ಲ ಅನ್ಸತ್ತೆ" ಎಂದರು.

ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಇಪ್ಪತ್ತು ವರ್ಷದಿಂದ ಆ ತೋಟ ನಡೆಸುತ್ತಿದ್ದವರು. ನಾನು "ಇರಬಹುದು ಅಕ್ಕ, ಮುಂದಿನ ಸಲ ಪ್ಲಾಸ್ಟಿಕ್ ಬಕೆಟ್ಟಲ್ಲಿ ಮಾಡಿಸಿ" ಎಂದೆ. ಅದನ್ನು ಕ್ಷಮಿಸುವ ದನಿಯಲ್ಲಿ ಬೇರೆ ಹೇಳಿದೆ.

ಅಕ್ಟೋಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮನೆಗೆ ತಂದಿದ್ದೆ. ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಕೂತು ತಿದ್ದುತ್ತಿದ್ದೆ. ಪಕ್ಕದಲ್ಲಿ ಅಕ್ಕ ಅವರೆಕಾಯಿ ಬಿಡಿಸುತ್ತಿದ್ದರು. ಕಬ್ಬಿಣದ ಕೊರತೆಯ ಲಕ್ಷಣ ಬರೆಯಿರಿ ಎನ್ನುವುದು ನಾನೇ ಕೇಳಿದ ಪ್ರಶ್ನೆ. ಒಬ್ಬಳು ಬರೆದಿದ್ದಳು: ಗಿಡದ ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಕಾಣಿಸಿಕೊಳ್ಳುತ್ತದೆ.

ನಾನು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಬರೆದೆ: ಹಳೆಯ ಎಲೆ ಅಲ್ಲ, ಎಳೆಯ ಎಲೆ. ಇದನ್ನು ಎಷ್ಟು ಸಲ ಹೇಳಿದ್ದೇನೆ?

ಹೇಳಿದ್ದು ನಿಜ. ವರ್ಷವೂ ಹೇಳುತ್ತಿದ್ದೆ, ಹಾವಭಾವ ಸಮೇತ ಹೇಳುತ್ತಿದ್ದೆ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಮ್ ಗಿಡದೊಳಗೆ ಓಡಾಡುತ್ತವೆ. ಕೊರತೆ ಬಂದಾಗ ಗಿಡ ಅವನ್ನು ಹಳೆಯ ಎಲೆಯಿಂದ ತೆಗೆದು ಚಿಗುರಿಗೂ ಕಾಯಿಗೂ ಕಳಿಸುತ್ತದೆ, ಅದಕ್ಕೇ ಮೊದಲು ಹಳೆಯ ಎಲೆ ಬಿಳಿಚುತ್ತದೆ. ಕಬ್ಬಿಣ, ಸುಣ್ಣ, ಬೋರಾನ್ ಒಮ್ಮೆ ಎಲ್ಲಿ ಸೇರಿದವೋ ಅಲ್ಲೇ, ಕದಲುವುದಿಲ್ಲ. ಅವು ಕಡಿಮೆಯಾದರೆ ನರಳುವುದು ಚಿಗುರು. "ತಾಯಿ ಎಲೆ ತನ್ನ ತುತ್ತನ್ನು ಮಗುವಿಗೆ ಕೊಡುತ್ತದೆ" ಎಂದು ಇಲ್ಲಿ ನಾನು ದನಿ ತಗ್ಗಿಸುತ್ತಿದ್ದೆ. ಮುಂದಿನ ಬೆಂಚಿನವರ ಕಣ್ಣು ತುಂಬಿಕೊಳ್ಳುತ್ತಿತ್ತು, ಅಥವಾ ಹಾಗೆಂದು ನಾನು ಅಂದುಕೊಂಡಿದ್ದೆ.

ಮುಂದಿನ ಉತ್ತರಕ್ಕೆ ಹೋಗುವ ಮೊದಲು ನನ್ನ ಪೆನ್ನು ನಿಂತಿತು. ಅಕ್ಕ ತಂದ ಎಲೆಗಳು ಹಳೆಯವೋ ಎಳೆಯವೋ? ನಾನು ಕೇಳಿರಲಿಲ್ಲ.

"ಅಕ್ಕ, ಅವತ್ತು ತಂದ ಹಳದಿ ಎಲೆ ಕೊಂಬೆಯ ಯಾವ ಕಡೆಯದು?"

ಅಕ್ಕ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. "ಒಳಗಡೇದು. ಕಾಯಿ ಗೊಂಚಲ ಹತ್ರ ಇರ್ತದಲ್ಲ, ಹಳೇ ಎಲೆ. ತುದಿ ಚಿಗುರೆಲ್ಲ ಚೆನ್ನಾಗೇ ಇದೆ. ಯಾಕೆ?"

"ಸುಮ್ನೆ ಕೇಳಿದೆ" ಎಂದೆ.

ಅರ್ಧ ಗಂಟೆಯ ನಂತರ, ಇಂಬಳ ಹತ್ತದಿರಲಿ ಎಂದು ಎರಡು ಜೊತೆ ಕಾಲುಚೀಲ ಹಾಕಿ, ಅದಕ್ಕೆ ಹೊಗೆಸೊಪ್ಪಿನ ನೀರು ಸವರಿ, ಮೇಲೆ ಸುಣ್ಣ ಬಳಿದು, ಗಂಡನ ಗಮ್ ಬೂಟು ಏರಿಸಿ ನಾನು ಮನೆ ಹಿಂದಿನ ತುಂಡಿಗೆ ಹೋದೆ. ಬೂಟು ದೊಡ್ಡದಾಗಿ ಪ್ರತಿ ಹೆಜ್ಜೆಗೂ ಪಚಕ್ ಎನ್ನುತ್ತಿತ್ತು. ಅಷ್ಟು ವರ್ಷದಲ್ಲಿ ಆ ಗಿಡಗಳನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೊಂಬೆಯ ತುದಿಯ ನಾಲ್ಕು ಎಲೆ ಕಡು ಹಸಿರು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಒಳಕ್ಕೆ ಹೋದಂತೆ, ಕಾಯಿಗೊಂಚಲಿನ ಪಕ್ಕದಲ್ಲಿ, ಒಂದೊಂದೂ ಹಳದಿ ಬಲೆ. ಮೆಗ್ನೀಷಿಯಮ್. ಯಾವ ಅನುಮಾನವೂ ಇರಲಿಲ್ಲ. ಕಡೆಯ ಬೆಂಚಿನಲ್ಲಿ ನಿದ್ದೆ ಮಾಡುವವಳೂ ಹೇಳಬಹುದಾಗಿತ್ತು. ಎಲೆಯ ಹಸಿರಿನ ಪ್ರತಿ ಕಣದ ನಡುವೆಯೂ ಕೂರುವುದು ಮೆಗ್ನೀಷಿಯಮ್, ಕಬ್ಬಿಣ ಅದನ್ನು ತಯಾರಿಸಲು ನೆರವಾಗುತ್ತದೆ ಅಷ್ಟೆ. ನಾನು ಅಡುಗೆಯವರನ್ನು ಕರೆಸಿದ್ದೆ, ಅಕ್ಕಿ ತರಿಸಿರಲಿಲ್ಲ.

ವಾಪಸು ಬಂದು ಆ ಹುಡುಗಿಯ ಉತ್ತರಪತ್ರಿಕೆ ತೆಗೆದೆ. ಅಂಕ ಕೊಡುವಂತಿರಲಿಲ್ಲ, ಉತ್ತರ ತಪ್ಪೇ. ಆದರೆ 'ಎಷ್ಟು ಸಲ ಹೇಳಿದ್ದೇನೆ' ಎನ್ನುವುದನ್ನು ಕಾಣದ ಹಾಗೆ ಗೀಚಿ ಹಾಕಿದೆ.

ಅಕ್ಕನಿಗೆ ಅವತ್ತೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. "ಒಂದು ಸಲ ಮಣ್ಣು ಪರೀಕ್ಷೆ ಮಾಡಿಸೋಣ ಅಕ್ಕ" ಎಂದೆ. ನನ್ನ ಬದಲು ಬೇರೆ ಯಾರಾದರೂ ಹೇಳಲಿ ಎನ್ನುವುದು ನನ್ನ ಲೆಕ್ಕ. ಅಕ್ಕ ಮನೆ ಹಿಂದಿನ ತುಂಡಿನ ಹತ್ತು ಕಡೆ ಗುಂಡಿ ತೋಡಿಸಿ ಮಣ್ಣು ತೆಗೆಸಿ, ಬೆರೆಸಿ, ನೆರಳಲ್ಲಿ ಒಣಗಿಸಿ ಬಟ್ಟೆಚೀಲದಲ್ಲಿ ಕಟ್ಟಿ ಕಳಿಸಿದರು. ಕೆಲವು ವಾರದ ನಂತರ ವರದಿ ತೆಗೆದುಕೊಳ್ಳಲು ನಾವಿಬ್ಬರೂ ಚಿಕ್ಕಮಗಳೂರಿನ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಹೋದೆವು. ಅಲ್ಲಿನ ಅಧಿಕಾರಿ ನಡುವಯಸ್ಸಿನವರು, ಸಮಾಧಾನದ ಮನುಷ್ಯ. ಕುರ್ಚಿಯಲ್ಲಿ ಕೂರುವ ಮೊದಲೇ ಅಕ್ಕ ಹೇಳಿಬಿಟ್ಟರು: "ಇವಳು ನನ್ನ ತಂಗಿ ಇದ್ದ ಹಾಗೆ. ಕಾಲೇಜಲ್ಲಿ ಗಿಡದ ಪಾಠನೇ ಮಾಡೋದು."

"ಹೌದಾ ಮೇಡಂ? ಹಾಗಾದ್ರೆ ನಿಮಗೆ ನಾನು ಹೇಳೋದೇನಿದೆ" ಎಂದು ಅವರು ವರದಿಯನ್ನು ನನ್ನ ಕಡೆ ತಿರುಗಿಸಿದರು. "ಮನೆ ಹಿಂದಿನ ತುಂಡಿನ ಮಣ್ಣಲ್ಲಿ ಪೊಟ್ಯಾಷ್ ವಿಪರೀತ ಇದೆ. ಪೊಟ್ಯಾಷೂ ಮೆಗ್ನೀಷಿಯಮ್ಮೂ ಬೇರಿನ ಒಂದೇ ಬಾಗಿಲಿಗೆ ಬರೋವು ಅಲ್ವಾ, ಪೊಟ್ಯಾಷ್ ಗುಂಪು ಕಟ್ಕೊಂಡು ನಿಂತ್ರೆ ಮೆಗ್ನೀಷಿಯಮ್‌ಗೆ ಒಳಗೆ ಹೋಗಕ್ಕೆ ಆಗಲ್ಲ. ಮಣ್ಣಲ್ಲಿ ಇದ್ರೂ ಗಿಡಕ್ಕೆ ಇಲ್ಲ. ಇಷ್ಟು ಪೊಟ್ಯಾಷ್ ಹಾಕಕ್ಕೆ ಯಾರು ಹೇಳಿದ್ರು?"

ಗೋಡೆಯ ಮೇಲೆ ಯಾವುದೋ ಗೊಬ್ಬರದ ಕ್ಯಾಲೆಂಡರ್ ಇತ್ತು. ನಾನು ಅದರ ಭಾನುವಾರಗಳನ್ನು ಓದತೊಡಗಿದೆ.

"ಯಾರೂ ಹೇಳಿದ್ದಲ್ಲ ಸಾರ್. ನಂಗೇ ಅನ್ನಿಸ್ತು, ಅಂದಾಜಲ್ಲಿ ಹಾಕಿಸ್ದೆ" ಎಂದರು ಅಕ್ಕ.

"ಹಂಗೆಲ್ಲ ಅಂದಾಜಲ್ಲಿ ಹಾಕ್ಬಾರದು ಅಮ್ಮ. ಮನೇಲೇ ಮೇಡಂ ಇದ್ದಾರಲ್ಲ, ಒಂದು ಮಾತು ಕೇಳ್ಬಾರದಾ?"

"ಹೌದು ಸಾರ್, ತಪ್ಪಾಯ್ತು" ಎಂದರು ಅಕ್ಕ.

ನಾನು ಬಾಯಿ ಬಿಡಲಿಲ್ಲ. ಈ ಬರಹದಲ್ಲಿ ಉಳಿದದ್ದನ್ನೆಲ್ಲ ನಗುತ್ತಲೇ ಬರೆಯಬಹುದು, ಆ ಅರ್ಧ ನಿಮಿಷವನ್ನು ಮಾತ್ರ ಹಾಗೆ ಬರೆಯಲಾರೆ. ಅಧಿಕಾರಿ ಎರಡು ವರ್ಷ ಪೊಟ್ಯಾಷ್ ನಿಲ್ಲಿಸಲು, ಮೆಗ್ನೀಷಿಯಮ್ ಸಲ್ಫೇಟನ್ನು ಎಲೆಗೆ ಸಿಂಪಡಿಸಲು ಬರೆದುಕೊಟ್ಟರು. ನಾವು ಎದ್ದೆವು.

ಮೂಡಿಗೆರೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಜಾವಳಿಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಅಕ್ಕ ಎರಡು ಬನ್ಸ್ ಹೇಳಿದರು. ನಾನು ನನ್ನದನ್ನು ಚೂರು ಚೂರು ಮಾಡುತ್ತ ಕೂತೆ.

"ಅಕ್ಕ, ಪೊಟ್ಯಾಷ್ ಹಾಕಿ ಅಂದಿದ್ದು ನಾನು."

"ಗೊತ್ತು. ಹೇಳಿದವಳು ನೀನು, ಬರ್ಕೊಂಡವಳು ನಾನು. ಅಷ್ಟು ಮರೆಯಕ್ಕೆ ನಂಗೇನು ಅರಳು ಮರಳಾ?"

"ಅನ್ನಭೇದಿನೂ ತಪ್ಪೇ. ಡ್ರಮ್ಮಿಂದ ಅಲ್ಲ. ಎಲೆ ಹಳೇದಾ ಹೊಸದಾ ಅಂತ ನಾನು ಕೇಳ್ಲೇ ಇಲ್ಲ. ಅದು ನಾನೇ ಪಾಠ ಮಾಡೋದು."

ಅಕ್ಕ ಬನ್ಸ್ ಮುರಿದು ಚಟ್ನಿಗೆ ಅದ್ದಿದರು.

"ಮತ್ತೆ ಅಲ್ಲಿ ಯಾಕೆ ಹಾಗೆ ಹೇಳಿದ್ರಿ?" ಎಂದು ನಾನೇ ಕೇಳಿದೆ.

"ನೀನು ಗಿಡದ ಪಾಠ ಮಾಡೋಳು ಅಂತ ಆಗ್ಲೇ ಹೇಳಿಯಾಗಿತ್ತಲ್ಲ ಮಾರಾಯ್ತಿ. ಅದಾದ ಮೇಲೆ ಇನ್ನೇನು ಹೇಳದು?" ಎಂದರು. ಆಮೇಲೆ ದನಿ ಇಳಿಸಿದರು. "ನಂದೂ ಒಂದು ತಪ್ಪಿದೆ. ಬಚ್ಚಲ ಒಲೆ ಬೂದಿ ಇದೆಯಲ್ಲ, ಅದಷ್ಟೂ ಆ ಹಿಂದಿನ ತುಂಡಿಗೇ ಹಾಕಿಸ್ತಿದ್ದೆ. ಮೊದ್ಲಿಂದನೂ. ನಿನ್ನ ಹತ್ರ ಹೇಳ್ಲಿಲ್ಲ."

ಬೂದಿಯಲ್ಲಿ ಇರುವುದು ಬಹುಪಾಲು ಸುಣ್ಣ ಮತ್ತು ಪೊಟ್ಯಾಷ್. ದಿನಕ್ಕೆ ಎರಡು ಹಂಡೆ ನೀರು ಕಾಯುವ ಮನೆಯ ಬೂದಿ. ಅದರ ಮೇಲೆ ನನ್ನ ಒಂದೂವರೆ ಪಟ್ಟು.

"ಯಾಕೆ ಹೇಳ್ಲಿಲ್ಲ?"

"ನೀನು ಎಲೆಯ ಬಾಯಿ, ಮೂಗು ಅಂತ ಅಷ್ಟೆಲ್ಲ ಹೇಳ್ತಿರಬೇಕಾದ್ರೆ ನಾನು ಬೂದಿ ಅಂದ್ರೆ ನಗ್ತೀಯ ಅಂದ್ಕೊಂಡೆ."

ಹೇಳಿದ್ದರೆ ನಾನು ಆಗ ನಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಬಹುಶಃ ನಗುತ್ತಿದ್ದೆ. ಜಾವಳಿಯ ಬಸ್ಸು ಬಂತು, ಸೀಟು ಹಿಡಿಯಲು ಅಕ್ಕ ಮುಂದೆ ಓಡಿದರು. ನಾನು ಪುಡಿ ಮಾಡಿದ ಬನ್ಸನ್ನು ಪೇಪರಿನಲ್ಲಿ ಕಟ್ಟಿಕೊಂಡು ಹಿಂದೆ ಓಡಿದೆ.

ಮೆಗ್ನೀಷಿಯಮ್ ಸಲ್ಫೇಟಿನ ಚೀಲ ಮನೆಗೆ ಬಂದ ದಿನ ಅಕ್ಕ ಒಂದು ಹರಳು ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದರು. "ಇದು ಭೇದಿ ಉಪ್ಪಲ್ವನೇ! ಹೊಟ್ಟೆ ಕಟ್ಟಿದ್ರೆ ನಮ್ಮಪ್ಪ ಕುಡಿಸ್ತಿದ್ರು. ಮೊದ್ಲು ಅನ್ನಭೇದಿ ಅಂದೆ, ಈಗ ಭೇದಿ ಉಪ್ಪು ಅಂತೀಯ, ಆ ಗಿಡಗಳ ಹೊಟ್ಟೆ ಮೇಲೆ ನಿಂಗ್ಯಾಕೆ ಇಷ್ಟು ಕಣ್ಣು?" ಮೇಸ್ತ್ರಿ ತಿರುಗಿ ನಿಂತು ಭುಜ ಕುಣಿಸಿ ನಕ್ಕರು. ಈ ಸಲ ಬಕೆಟ್ಟಿನಲ್ಲಿ ಉಪ್ಪು ಕರಗಿಸುವಾಗ ನಾನು ಪಕ್ಕದಲ್ಲಿ ಗಮ್ ಬೂಟು ಹಾಕಿಕೊಂಡು ನಿಂತಿದ್ದೆ. ಕೋಲು ತಿರುಗಿಸುವ ಕೆಲಸ ಕೊಟ್ಟಿದ್ದರು.

ಹಳದಿಯಾದ ಎಲೆಗಳು ಮತ್ತೆ ಹಸಿರಾಗಲಿಲ್ಲ, ಅವು ಉದುರಿಯೇ ಹೋದವು. ಮುಂದಿನ ವರ್ಷದ ಎಲೆಗಳು ಕಾಯಿ ಹೊತ್ತಾಗಲೂ ತಕ್ಕಮಟ್ಟಿಗೆ ಹಸಿರಾಗಿಯೇ ಉಳಿದವು. ಎರಡು ಸಾಲು ಗಿಡ ಮಾತ್ರ ಬಡವಾಗಿ ಹೋದವು, ಅವನ್ನು ಕಿತ್ತು ಹೊಸದು ನೆಟ್ಟರು. ಬೂದಿಯನ್ನು ಅಕ್ಕ ಈಗ ಎಂಟು ಎಕರೆಗೂ ಹಂಚಿ ಹಾಕಿಸುತ್ತಾರೆ, ನನಗೆ ತಿಳಿಸಿಯೇ. ಕಾಲೇಜಿನಲ್ಲಿ ಆ ಅಧ್ಯಾಯಕ್ಕೆ ಬಂದಾಗ ನಾನು ಚಿತ್ರ ಬಿಡಿಸುವುದನ್ನು ಕಡಿಮೆ ಮಾಡಿ, ನಿಮ್ಮ ತೋಟದಿಂದ ಒಂದು ಕೊಂಬೆ ಸಮೇತ ಎಲೆ ತನ್ನಿ ಎಂದು ಹೇಳತೊಡಗಿದೆ. ಅವರು ತಂದ ಕೊಂಬೆಗಳಲ್ಲಿ ಅರ್ಧಕ್ಕರ್ಧ ಪುಸ್ತಕದ ಯಾವ ಚಿತ್ರಕ್ಕೂ ಹೊಂದುತ್ತಿರಲಿಲ್ಲ. ಒಂದೇ ಕೊಂಬೆಯಲ್ಲಿ ಎರಡು ಕೊರತೆ, ಒಂದು ಹುಳು, ಸ್ವಲ್ಪ ಬಿಸಿಲು ಎಲ್ಲ ಇರುತ್ತಿತ್ತು. ಪೀರಿಯಡ್ ಮುಗಿಯುವ ಬೆಲ್ ಹೊಡೆದಾಗ ನನಗೆ ಹಿಂದೆಂದೂ ಆಗದಷ್ಟು ನೆಮ್ಮದಿಯಾಗುತ್ತಿತ್ತು.

ಎರಡು ಸಾವಿರದ ಇಸವಿಯ ನಂತರದ ಒಂದು ವರ್ಷ ಕೆರೆಯ ಬದಿಯ ಮೆಣಸಿನ ಬಳ್ಳಿಯ ಎಲೆ ಸುರುಟಿಕೊಂಡಿತು. ಅಕ್ಕ ಎಲೆ ಕಿತ್ತು ತರಲಿಲ್ಲ, ಬಂದು ನನ್ನನ್ನೇ ಕರೆದುಕೊಂಡು ಹೋದರು. ಹಳೆ ಎಲೆ ನೋಡಿದೆ, ಚಿಗುರು ನೋಡಿದೆ, ಬುಡದ ಮಣ್ಣು ಕೆದಕಿ ಬೇರು ನೋಡಿದೆ. ಬೋರಾನ್ ಇರಬಹುದು, ಸತು ಇರಬಹುದು, ಏನೂ ಇಲ್ಲದೆಯೂ ಇರಬಹುದು.

"ಗೊತ್ತಾಗ್ತಿಲ್ಲ ಅಕ್ಕ" ಎಂದೆ.

"ನಂಗೂ ಗೊತ್ತಾಗ್ತಿಲ್ಲ" ಎಂದರು.

ಆ ಸಮಾಧಾನದ ಅಧಿಕಾರಿಗೆ ಕೊಂಬೆ ಸಮೇತ ಒಯ್ದು ತೋರಿಸಿದೆವು. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ, ಇನ್ನೊಂದು ತಿಂಗಳು ಕಾಯಿರಿ ಎಂದರು. ನಾವು ಕಾದೆವು. ಜೂನ್ ಮಳೆ ಹಿಡಿದು ಎರಡು ವಾರಕ್ಕೆ ಬಳ್ಳಿ ತಾನಾಗಿಯೇ ಅಗಲ ಎಲೆ ಬಿಟ್ಟಿತು. ಅದಕ್ಕೆ ಆಗಿದ್ದು ಏನು ಎಂದು ನಮ್ಮ ಮೂವರಲ್ಲಿ ಯಾರಿಗೂ ಇವತ್ತಿಗೂ ಗೊತ್ತಿಲ್ಲ.